ಬಿಬಿಎ, ಎಂಬಿಎ, ಸ್ವಂತ ಉದ್ಯಮ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಮರ್ಸ್ ಮತ್ತು ಮ್ಯಾನೇಜ್‌ಮೆಂಟ್ ಪಾಠ ಮಾಡುವವರಿಗೆ ಪಿಯುಸಿ ಫಲಿತಾಂಶ ಬಂದ ದಿನದಿಂದ ಫೋನು ಸುಮ್ಮನಿರುವುದಿಲ್ಲ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅವೇ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಎಲ್ಲವನ್ನೂ ಓದಬೇಕಿಲ್ಲ, ನಿಮ್ಮದು ಯಾವುದೋ ಅದನ್ನು ಹುಡುಕಿ ಓದಿ. ಶುಲ್ಕ, ಅರ್ಹತೆ, ಯೋಜನೆಯ ಮೊತ್ತ ಇವೆಲ್ಲ ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ಮುಂಚೆ ಆ ವರ್ಷದ ಪ್ರಕಟಣೆ ನೋಡಿಕೊಳ್ಳಿ.

## ಪಿಯುಸಿ ಮುಗಿಸಿದವರು ಕೇಳುವುದು

ಬಿಕಾಂ ತಗೊಳ್ಳಲಾ, ಬಿಬಿಎ ತಗೊಳ್ಳಲಾ ಸರ್? ಎರಡೂ ಒಂದೇ ಅಂತಾರೆ ಎಲ್ಲರೂ.

ಒಂದೇ ಅಲ್ಲ, ಹಾಗಂತ ತೀರಾ ದೂರದವೂ ಅಲ್ಲ. ಬಿಕಾಂನಲ್ಲಿ ಲೆಕ್ಕಪತ್ರ, ತೆರಿಗೆ, ಆಡಿಟ್ ಜಾಸ್ತಿ. ಬಿಬಿಎಯಲ್ಲೂ ಅಕೌಂಟ್ಸ್ ಇದೆ, ಆದರೆ ಅಷ್ಟು ಆಳಕ್ಕೆ ಹೋಗುವುದಿಲ್ಲ. ಅದರ ಜಾಗದಲ್ಲಿ ಮಾರ್ಕೆಟಿಂಗ್, ಎಚ್‌ಆರ್, ಉತ್ಪಾದನೆ, ಉದ್ಯಮಶೀಲತೆ, ಪ್ರಾಜೆಕ್ಟ್ ವರದಿ ಬರುತ್ತವೆ. ಸಿಎ ಮಾಡಬೇಕು, ಟ್ಯಾಕ್ಸ್ ಪ್ರಾಕ್ಟೀಸ್ ಮಾಡಬೇಕು ಅನ್ನುವವರಿಗೆ ಬಿಕಾಂ ಸರಿ. ಮಾರಾಟ, ಜನರ ಜೊತೆ ಕೆಲಸ, ಮುಂದೆ ಸ್ವಂತ ವ್ಯಾಪಾರ ಅನ್ನುವವರಿಗೆ ಬಿಬಿಎ ಹಿಡಿಸುತ್ತದೆ.

ನನ್ನನ್ನು ಕೇಳಿದರೆ ಕೋರ್ಸ್‌ಗಿಂತ ಕಾಲೇಜು ಮುಖ್ಯ. ಪಾಠ ಚೆನ್ನಾಗಿ ನಡೆಯುವ ಕಾಲೇಜಿನಲ್ಲಿ ಬಿಕಾಂ ಸಿಕ್ಕಿ, ಹೆಸರಿಗೆ ಮಾತ್ರ ನಡೆಯುವ ಕಡೆ ಬಿಬಿಎ ಸಿಕ್ಕರೆ, ಕಣ್ಣುಮುಚ್ಚಿ ಬಿಕಾಂ ತಗೊಳ್ಳಿ. ಮುಂದೆ ಎಂಬಿಎ ಮಾಡುವ ಆಸೆ ಇದ್ದವರಿಗೆ ಇನ್ನೊಂದು ಮಾತು: ಬಿಬಿಎಯಲ್ಲಿ ಓದಿದ್ದು ಎಂಬಿಎ ಮೊದಲ ವರ್ಷದಲ್ಲಿ ಎಷ್ಟೋ ಮತ್ತೆ ಬರುತ್ತದೆ. ಬಿಕಾಂ, ಬಿಎಸ್ಸಿ, ಇಂಜಿನಿಯರಿಂಗ್‌ನಿಂದ ಹೋದವರಿಗೆ ಅದು ಹೊಸದು.

ನಾನು ಪಿಯುಸಿಯಲ್ಲಿ ಆರ್ಟ್ಸ್. ಡೆಬಿಟ್ಟು, ಕ್ರೆಡಿಟ್ಟು ಏನೂ ಗೊತ್ತಿಲ್ಲ. ಬಿಬಿಎ ಕೊಡ್ತಾರಾ?

ಕೊಡುತ್ತಾರೆ, ಸಾಮಾನ್ಯವಾಗಿ ಯಾವ ವಿಭಾಗದವರಿಗೂ ಪ್ರವೇಶ ಇದೆ. ಮೊದಲ ಸೆಮಿಸ್ಟರ್ ಮಾತ್ರ ಸ್ವಲ್ಪ ಕಷ್ಟ. ರಜೆಯಲ್ಲಿ ಪ್ರಥಮ ಪಿಯು ಅಕೌಂಟೆನ್ಸಿ ಪುಸ್ತಕ ಹಿಡಿದು ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ತನಕ ಕೈಯಲ್ಲಿ ಬರೆದು ಮಾಡಿ. ನೋಡಿದರೆ ಬರುವುದಿಲ್ಲ, ಬರೆದರೆ ಬರುತ್ತದೆ.

ಡಿಗ್ರಿ ಈಗ ಮೂರು ವರ್ಷವಾ ನಾಲ್ಕು ವರ್ಷವಾ? ಎಲ್ಲ ಗೊಂದಲ.

ರಾಷ್ಟ್ರೀಯ ಶಿಕ್ಷಣ ನೀತಿಯಡಿ ಬಂದ ನಾಲ್ಕು ವರ್ಷದ ಪದ್ಧತಿಯನ್ನು ಕರ್ನಾಟಕ ಸರ್ಕಾರ ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಡೀಮ್ಡ್ ವಿಶ್ವವಿದ್ಯಾಲಯ, ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ್ದೂ ಇರುತ್ತದೆ, ಸೇರುವಾಗಲೇ ಕೇಳಿ. ಅದೇ ವರ್ಷದಿಂದ ಬಿಬಿಎ, ಬಿಸಿಎ ಕೋರ್ಸ್‌ಗಳು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ವ್ಯಾಪ್ತಿಗೂ ಬಂದಿವೆ. ಹಾಗಾಗಿ ಅನುಮೋದನೆ ಪತ್ರ ಇದೆಯಾ ಎಂದು ಕೇಳುವ ಹಕ್ಕು ನಿಮಗಿದೆ.

ಬಿಸಿನೆಸ್ ಮಾಡೋಕೆ ಡಿಗ್ರಿ ಯಾಕೆ ಬೇಕು? ನಮ್ಮೂರಲ್ಲಿ ಏಳನೇ ಕ್ಲಾಸ್ ಓದಿದವರು ಮೂರು ಅಂಗಡಿ ಇಟ್ಟಿದ್ದಾರೆ.

ಬೇಕೇ ಬೇಕು ಅಂತೇನಿಲ್ಲ. ಬಯೋಕಾನ್ ಕಟ್ಟಿದ ಕಿರಣ್ ಮಜುಂದಾರ್ ಶಾ ಆಸ್ಟ್ರೇಲಿಯಾದಲ್ಲಿ ಓದಿದ್ದು ಬಿಯರ್ ತಯಾರಿಕೆಯ ಶಾಸ್ತ್ರ, ಮ್ಯಾನೇಜ್‌ಮೆಂಟ್ ಅಲ್ಲ. ಏರ್ ಡೆಕ್ಕನ್ ಹಾರಿಸಿದ ಕ್ಯಾಪ್ಟನ್ ಗೋಪಿನಾಥ್ ಸೈನ್ಯದಿಂದ ಬಂದು ಬೇಸಾಯ ಮಾಡಿದವರು. 1981ರಲ್ಲಿ ಇನ್ಫೋಸಿಸ್ ಶುರು ಮಾಡಿದವರು ಇಂಜಿನಿಯರ್‌ಗಳು.

ಆದರೆ ನಿಮ್ಮೂರಿನ ಆ ಮೂರು ಅಂಗಡಿಯವರನ್ನು ಒಮ್ಮೆ ಕೇಳಿ ನೋಡಿ. ಅವರು ಇಪ್ಪತ್ತು ವರ್ಷ ಯಾರದ್ದೋ ಅಂಗಡಿಯಲ್ಲಿ ಮೂಟೆ ಹೊತ್ತು, ಗಲ್ಲಾಪೆಟ್ಟಿಗೆ ಹತ್ತಿರ ನಿಂತು ಕಲಿತಿರುತ್ತಾರೆ. ಅದೂ ಓದೇ, ಸರ್ಟಿಫಿಕೇಟ್ ಇಲ್ಲ ಅಷ್ಟೇ. ಕಾಲೇಜು ಕೊಡುವುದು ಮೂರು: ಲೆಕ್ಕ ಓದುವ ಕಣ್ಣು, ಕಾನೂನಿನ ಅರಿವು, ಮತ್ತು ನಿಮ್ಮ ಹಾಗೇ ಯೋಚಿಸುವ ನಾಲ್ಕು ಜನ. ಗಿರಾಕಿಯ ಮುಂದೆ ನಿಂತು ಬೆಲೆ ಹೇಳುವುದು, ಬಾಕಿ ವಸೂಲಿ ಮಾಡುವುದು ಇವನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ನಾನು ಹೇಳುವುದಿಷ್ಟೇ, ಮೂರು ವರ್ಷ ಓದುತ್ತಲೇ ಈ ಬೆಲೆ ಹೇಳುವುದು, ವಸೂಲಿ ಮಾಡುವುದನ್ನೂ ಹೊರಗಡೆ ಕಲಿಯಿರಿ. ಕಾಲೇಜು ಓದುವಾಗ ಮನೆಯವರು ಅನ್ನ ಹಾಕುತ್ತಿರುತ್ತಾರೆ, ಸಾಲದ ಕಂತು ಇರುವುದಿಲ್ಲ, ಸೋತರೂ ಹೋಗುವುದು ಒಂದೆರಡು ಸಾವಿರ. ಇಷ್ಟು ಅಗ್ಗಕ್ಕೆ ವ್ಯಾಪಾರ ಕಲಿಯುವ ಕಾಲ ಮತ್ತೆ ಸಿಗುವುದಿಲ್ಲ.

ನಾನು ಕನ್ನಡ ಮೀಡಿಯಂ. ಕ್ಲಾಸಲ್ಲಿ ಎಲ್ಲ ಇಂಗ್ಲಿಷ್, ಪ್ರೆಸೆಂಟೇಶನ್ ಅಂದ್ರೆ ಕೈಕಾಲು ನಡುಗುತ್ತೆ.

ನಡುಗಲಿ, ಎಲ್ಲರಿಗೂ ನಡುಗುತ್ತದೆ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಬಿಕಾಂ ಉತ್ತರಗಳನ್ನು ಕನ್ನಡದಲ್ಲಿ ಬರೆಯಬಹುದು. ಬಿಬಿಎ, ಎಂಬಿಎ ಬಹುಪಾಲು ಇಂಗ್ಲಿಷ್‌ನಲ್ಲೇ. ಮೊದಲು ವಿಷಯವನ್ನು ಕನ್ನಡದಲ್ಲಿ ನಿಮ್ಮ ತಂಗಿಗೋ ತಮ್ಮನಿಗೋ ವಿವರಿಸಿ. ಅದು ಬಂದರೆ ಇಂಗ್ಲಿಷ್‌ನಲ್ಲಿ ಹೇಳಲು ಬೇಕಾಗುವ ಪದಗಳು ನೀವಂದುಕೊಂಡಷ್ಟು ಜಾಸ್ತಿ ಇರುವುದಿಲ್ಲ. ಇಂಗ್ಲಿಷ್ ಚೆನ್ನಾಗಿದ್ದು ವಿಷಯ ಗೊತ್ತಿಲ್ಲದ ಹುಡುಗರ ಕಷ್ಟ ಇದಕ್ಕಿಂತ ದೊಡ್ಡದು. ಇನ್ನೊಂದು, ಹಾವೇರಿ ಸಂತೆಯಲ್ಲಿ ಮಾರಾಟ ಮಾಡಲು ಹೊರಟವನಿಗೆ ಅಲ್ಲಿಯ ಕನ್ನಡ ಬರುವುದು ದೊಡ್ಡ ಬಂಡವಾಳ.

ಎಲ್ಲ ಕಾಲೇಜಿನವರೂ ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತಾರೆ. ಯಾರನ್ನ ನಂಬೋದು?

ಯಾರನ್ನೂ ಅಲ್ಲ. ಬ್ರೋಷರ್‌ನಲ್ಲಿ "ಗರಿಷ್ಠ ಪ್ಯಾಕೇಜ್" ದೊಡ್ಡ ಅಕ್ಷರದಲ್ಲಿ ಇರುತ್ತದೆ, ಅದು ಒಬ್ಬರಿಗೆ ಸಿಕ್ಕಿದ್ದು. ನೀವು ಕೇಳಬೇಕಾದದ್ದು ಮಧ್ಯದ ವಿದ್ಯಾರ್ಥಿಗೆ ಎಷ್ಟು ಸಿಕ್ಕಿತು ಅಂತ. ನೂರು ಜನರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಐವತ್ತನೆಯವನದ್ದು ಎಷ್ಟು? ಆಮೇಲೆ ನೂರರಲ್ಲಿ ಎಷ್ಟು ಜನರನ್ನು ಪ್ಲೇಸ್‌ಮೆಂಟಿಗೆ ಕೂರಲು ಬಿಟ್ಟರು ಎಂದೂ ಕೇಳಿ. ಕಡಿಮೆ ಅಂಕದವರನ್ನು ಪಟ್ಟಿಯಿಂದಲೇ ತೆಗೆದು ಉಳಿದವರಲ್ಲಿ ನೂರಕ್ಕೆ ನೂರು ಅನ್ನುವುದು ಹಳೇ ಕಥೆ. ಯಾವ ಕೆಲಸ ಅನ್ನುವುದೂ ಮುಖ್ಯ. ಮ್ಯಾನೇಜ್‌ಮೆಂಟ್ ಟ್ರೈನಿ ಅಂತ ಹೆಸರಿಟ್ಟು ಮನೆ ಮನೆಗೆ ಪಾಲಿಸಿ ಮಾರಲು ಕಳಿಸಿದರೆ ಅದು ಬೇರೆ ಮಾತು.

ಇದಕ್ಕೆಲ್ಲ ಸುಲಭದ ದಾರಿ ಒಂದಿದೆ. ಹೋದ ವರ್ಷ ಮುಗಿಸಿದವರಲ್ಲಿ ಮೂರು ಜನರ ಜೊತೆ ಫೋನಿನಲ್ಲಿ ಮಾತಾಡಿ. ಕಾಲೇಜಿನವರೇ ಕೊಟ್ಟ ನಂಬರ್ ಅಲ್ಲ, ನೀವೇ ಹುಡುಕಿದ್ದು. ಕ್ಯಾಂಪಸ್ ನೋಡಲು ಹೋದಾಗ ಎಸಿ ಆಡಿಟೋರಿಯಂ ನೋಡಬೇಡಿ. ಲೈಬ್ರರಿಗೆ ಹೋಗಿ, ಅಲ್ಲಿ ಯಾರಾದರೂ ಕೂತಿದ್ದಾರಾ ನೋಡಿ. ಪಾಠ ಮಾಡುವವರು ವರ್ಷಕ್ಕೊಮ್ಮೆ ಬದಲಾಗುತ್ತಾರಾ ಕೇಳಿ. ಡೊನೇಶನ್ ಕೊಟ್ಟು ಬಿಬಿಎ ಸೀಟು ತಗೊಳ್ಳುವುದು ನನ್ನ ಪ್ರಕಾರ ದುಡ್ಡು ಹಾಳು. ಅದೇ ದುಡ್ಡು ಬ್ಯಾಂಕಿನಲ್ಲಿ ಇಟ್ಟು ಸರ್ಕಾರಿ ಕಾಲೇಜಿನಲ್ಲಿ ಓದಿದರೆ, ಮುಗಿಯುವ ಹೊತ್ತಿಗೆ ಸಣ್ಣ ಉದ್ಯಮಕ್ಕೆ ಬಂಡವಾಳ ರೆಡಿ ಇರುತ್ತದೆ.

## ಎಂಬಿಎ ಬಗ್ಗೆ

ಪಿಜಿಸಿಇಟಿ, ಕೆಮ್ಯಾಟ್, ಸಿಮ್ಯಾಟ್, ಕ್ಯಾಟ್... ಎಷ್ಟು ಪರೀಕ್ಷೆ ಬರೀಬೇಕು?

ಎಲ್ಲಿ ಓದಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ, ಪರೀಕ್ಷೆ ತಾನಾಗೇ ಗೊತ್ತಾಗುತ್ತದೆ. ಕರ್ನಾಟಕದ ವಿಶ್ವವಿದ್ಯಾಲಯಗಳ ಎಂಬಿಎ ವಿಭಾಗ ಮತ್ತು ಅವಕ್ಕೆ ಸೇರಿದ ಕಾಲೇಜುಗಳ ಸರ್ಕಾರಿ ಕೋಟಾ ಸೀಟಿಗೆ ಪಿಜಿಸಿಇಟಿ. ಇದನ್ನು ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಡಿಗ್ರಿಯಲ್ಲಿ ಸಾಮಾನ್ಯ ವರ್ಗಕ್ಕೆ 50 ಪರ್ಸೆಂಟ್, ಎಸ್‌ಸಿ, ಎಸ್‌ಟಿ, ಪ್ರವರ್ಗ 1ಕ್ಕೆ 45 ಬೇಕು. ಖಾಸಗಿ ಕಾಲೇಜುಗಳ ಉಳಿದ ಸೀಟಿಗೆ ಕೆಮ್ಯಾಟ್ ಅಥವಾ ಸಿಮ್ಯಾಟ್ ನಡೆಯುತ್ತದೆ.

ಐಐಎಂ ಬೇಕಾದವರಿಗೆ ಕ್ಯಾಟ್. ಅದು ಪ್ರತಿ ವರ್ಷ ನವೆಂಬರ್ ಕೊನೆಗೆ ಬರುತ್ತದೆ. ಭಾಷೆ, ದತ್ತಾಂಶ ಮತ್ತು ತರ್ಕ, ಗಣಿತ ಎಂದು ಮೂರು ಭಾಗ. 1973ರಲ್ಲಿ ಶುರುವಾದ ಐಐಎಂ ಬೆಂಗಳೂರು ನಮ್ಮ ರಾಜ್ಯದಲ್ಲೇ ಇದ್ದರೂ ರಾಜ್ಯದವರಿಗೆ ಅಂತ ಬೇರೆ ಕೋಟಾ ಇಲ್ಲ. ಕ್ಯಾಟ್ ಅಂಕವನ್ನು ಐಐಎಂ ಅಲ್ಲದ ಸಂಸ್ಥೆಗಳೂ ತಗೊಳ್ಳುತ್ತವೆ, ಮಣಿಪಾಲದ ಟ್ಯಾಪ್ಮಿ, ಮೈಸೂರಿನ ಎಸ್‌ಡಿಎಂಐಎಂಡಿ ಅಂಥವು. ಇಂಥ ಕಡೆ ಕೊಡುವುದು ಎಷ್ಟೋ ಸಲ ಪಿಜಿಡಿಎಂ ಡಿಪ್ಲೊಮಾ. ಎಐಸಿಟಿಇ ಅನುಮೋದನೆ ಇದ್ದರೆ ಕೆಲಸಕ್ಕೆ ಅದೇನೂ ಅಡ್ಡಿ ಆಗುವುದಿಲ್ಲ.

ಡಿಗ್ರಿ ಮುಗಿದ ಕೂಡಲೇ ಎಂಬಿಎ ಮಾಡಿಬಿಡಲಾ? ಗ್ಯಾಪ್ ಬಂದ್ರೆ ಕಷ್ಟ ಅಂತಾರೆ.

ಎರಡು ವರ್ಷ ಕೆಲಸ ಮಾಡಿ ಹೋಗಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೆಲಸ ಮಾಡಿದ್ದರೆ ಅದು ಗ್ಯಾಪ್ ಅಲ್ಲ. ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟಲಾಗದೆ ಮೇಲಿನವರ ಹತ್ತಿರ ಬೈಸಿಕೊಂಡವನಿಗೆ ಸೇಲ್ಸ್ ಮ್ಯಾನೇಜ್‌ಮೆಂಟ್ ಪಾಠ ಬೇಗ ತಲೆಗೆ ಹತ್ತುತ್ತದೆ. ಮನೆಯ ಪರಿಸ್ಥಿತಿ, ಮದುವೆ ಮಾತು, ವಯಸ್ಸು ಅಂತ ಒತ್ತಡ ಇರುವವರು, ಅದರಲ್ಲೂ ಹೆಣ್ಣುಮಕ್ಕಳು, ಈಗ ಬಿಟ್ಟರೆ ಮತ್ತೆ ಬಿಡುವುದಿಲ್ಲ ಅನ್ನುವ ಮನೆಯಲ್ಲಿದ್ದರೆ ತಕ್ಷಣ ಸೇರಿಬಿಡಿ. ಅಲ್ಲಿ ನನ್ನ ಸಲಹೆ ನಡೆಯುವುದಿಲ್ಲ.

ಹತ್ತು ಲಕ್ಷ ಸಾಲ ಮಾಡಿ ಎಂಬಿಎ ಮಾಡಿದ್ರೆ ವಸೂಲಾಗುತ್ತಾ?

ಲೆಕ್ಕ ಹಾಕೋಣ. 10 ಲಕ್ಷ, 10 ಪರ್ಸೆಂಟ್ ಬಡ್ಡಿ, 7 ವರ್ಷ ಅಂದರೆ ತಿಂಗಳ ಕಂತು ಸುಮಾರು 16,600 ರೂಪಾಯಿ. ಓದುವ ಎರಡು ವರ್ಷದ ಬಡ್ಡಿಯನ್ನು ಕಟ್ಟದೆ ಬಿಟ್ಟರೆ ಇನ್ನೂ ಜಾಸ್ತಿ. ಮುಗಿದ ಮೇಲೆ ಕೈಗೆ 30,000 ಬರುವ ಕೆಲಸ ಸಿಕ್ಕಿ ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕಟ್ಟಿದರೆ ಉಳಿಯುವುದೇನು ನೀವೇ ಹೇಳಿ. ಹಾಗಾಗಿ ಆ ಕಾಲೇಜಿನ ಮಧ್ಯದ ವಿದ್ಯಾರ್ಥಿಗೆ (ನೂರು ಜನರಲ್ಲಿ ಐವತ್ತನೆಯವನಿಗೆ) ಸಿಗುವ ಸಂಬಳದಲ್ಲಿ ಮೂರನೇ ಒಂದು ಭಾಗಕ್ಕಿಂತ ಕಂತು ಜಾಸ್ತಿ ಆಗುವಂತಿದ್ದರೆ ಸಾಲ ಬೇಡ.

ಸಾಲ ಮಾಡಲೇಬೇಕಾದವರು ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಹಾಕಿ. 4 ಲಕ್ಷದವರೆಗೆ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುವುದಿಲ್ಲ. ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ ಬಡ್ಡಿಯ ಮೇಲೆ ಆದಾಯ ತೆರಿಗೆ ವಿನಾಯಿತಿ ಇದೆ, ಎಂಟು ವರ್ಷದವರೆಗೆ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದನ್ನು ಮರೆಯಬೇಡಿ. ಅರ್ಹತೆ ಇದ್ದೂ ಕೊನೆ ದಿನಾಂಕ ದಾಟಿಸಿಕೊಳ್ಳುವವರು ತುಂಬಾ ಜನ.

ಫೈನಾನ್ಸಾ, ಮಾರ್ಕೆಟಿಂಗಾ, ಎಚ್‌ಆರಾ?

ಯಾವ ವಿಷಯದ ಅಸೈನ್‌ಮೆಂಟನ್ನು ಯಾರೂ ಹೇಳದೆ ಮುಗಿಸುತ್ತೀರೋ ಅದು. ಸ್ವಂತ ಉದ್ಯಮದ ಆಸೆ ಇದ್ದವರು ಮಾತ್ರ ಫೈನಾನ್ಸ್‌ಗೆ ಹೆದರಿ ಓಡಬೇಡಿ, ಒಂದೆರಡು ಪೇಪರ್ ಆದರೂ ತಗೊಳ್ಳಿ.

ಕೆಲಸ ಬಿಡೋಕಾಗಲ್ಲ. ದೂರಶಿಕ್ಷಣದ ಎಂಬಿಎಗೆ ಬೆಲೆ ಇದೆಯಾ?

ಯುಜಿಸಿ ಮಾನ್ಯತೆ ಇರುವ ಕಡೆ ಮಾಡಿದ್ದರೆ ಕಾನೂನಿನ ಪ್ರಕಾರ ರೆಗ್ಯುಲರ್ ಪದವಿಗೆ ಸಮ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲೂ ಎಂಬಿಎ ಇದೆ. ಸೇರುವ ಮುಂಚೆ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯ, ಆ ಕೋರ್ಸ್, ಆ ವರ್ಷ ಮೂರೂ ಇದೆಯಾ ನೋಡಿ. ಬಡ್ತಿಗೆ, ಸರ್ಕಾರಿ ಕೆಲಸಕ್ಕೆ ಇದು ಸಾಕು. ಕ್ಯಾಂಪಸ್ ಸಂದರ್ಶನ, ಜೊತೆಗಾರರ ಬಳಗ ಇವು ಸಿಗುವುದಿಲ್ಲ. ಬರೀ ಕಲಿಯುವುದಕ್ಕೆ ಅಂದರೆ ಸ್ವಯಂ ಮತ್ತು ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ತಾಣಗಳಲ್ಲಿ ಐಐಟಿ, ಐಐಎಂ ಮೇಷ್ಟ್ರುಗಳ ಪಾಠಗಳು ಪುಕ್ಕಟೆ ಇವೆ.

## ಉದ್ಯಮ ಮಾಡಹೊರಟವರ ಪ್ರಶ್ನೆಗಳು

ಐಡಿಯಾ ಸೂಪರ್ ಇದೆ ಸರ್, ಆದ್ರೆ ಹೇಳಿದ್ರೆ ಯಾರಾದ್ರೂ ಕದ್ದುಬಿಡ್ತಾರೆ. ಏನ್ ಮಾಡ್ಲಿ?

ಹೇಳಿ. ಬರೀ ಐಡಿಯಾಗೆ ಪೇಟೆಂಟ್ ಸಿಗುವುದಿಲ್ಲ, ಕದಿಯಲು ಯಾರಿಗೂ ಪುರುಸೊತ್ತೂ ಇಲ್ಲ. ಇಡ್ಲಿ ದೋಸೆ ಹಿಟ್ಟು ಮಾರುವ ಐಡಿಯಾ ಬೆಂಗಳೂರಿನ ಎಷ್ಟು ಮನೆಯವರಿಗೆ ಹೊಳೆದಿರಬೇಕು! 2005ರಲ್ಲಿ ಐಡಿ ಫ್ರೆಶ್ ಶುರು ಮಾಡಿದ ಮುಸ್ತಫಾ ಮತ್ತು ಅವರ ಸೋದರಸಂಬಂಧಿಗಳದ್ದು ಗುಟ್ಟಿನ ಐಡಿಯಾ ಏನಲ್ಲ. ಕೆಲವೇ ದಿನಕ್ಕೆ ಹುಳಿಯಾಗುವ ಮಾಲನ್ನು ದಿನಾ ಅಂಗಡಿ ಅಂಗಡಿಗೆ ಮುಟ್ಟಿಸುವ ಕಷ್ಟದ ಕೆಲಸ ಅದು. ಮುಸ್ತಫಾ ಐಐಎಂ ಬೆಂಗಳೂರಿನಲ್ಲಿ ಓದಿದವರು ಅನ್ನುವುದು ಬೇರೆ. ನಿಮ್ಮ ಐಡಿಯಾವನ್ನು ಇಪ್ಪತ್ತು ಗಿರಾಕಿಗಳಿಗೆ ಹೇಳಿ. "ಚೆನ್ನಾಗಿದೆ" ಅಂದವರನ್ನು ಲೆಕ್ಕಕ್ಕೆ ಇಡಬೇಡಿ, ನಮ್ಮ ಜನ ಮುಖದ ಮೇಲೆ ಬೇಡ ಅನ್ನುವುದಿಲ್ಲ. ಮುಂಗಡ ಕೊಟ್ಟವರನ್ನು ಮಾತ್ರ ಎಣಿಸಿ.

ಬ್ರೇಕ್ ಈವನ್ ಕ್ಲಾಸಲ್ಲಿ ಹೇಳಿದ್ರು, ಫಾರ್ಮುಲಾ ಬಾಯಿಪಾಠ ಇದೆ. ನಿಜಕ್ಕೂ ಅದು ಯಾಕೆ ಬೇಕು ಅಂತ ಅರ್ಥ ಆಗಿಲ್ಲ.

ಲಾಭವೂ ಇಲ್ಲ ನಷ್ಟವೂ ಇಲ್ಲ, ಖರ್ಚು ಸರಿದೂಗುತ್ತದೆ ಅನ್ನುವ ಮಟ್ಟವೇ ಬ್ರೇಕ್ ಈವನ್. ಕಲಬುರಗಿ ಕಡೆ ಒಂದು ಜೋಳದ ರೊಟ್ಟಿ ಘಟಕ ಅಂದುಕೊಳ್ಳಿ, ಅಂಕಿಗಳು ಲೆಕ್ಕಕ್ಕೆ ಹಾಕಿದ್ದು. ರೊಟ್ಟಿ ಮಾಡಲಿ ಬಿಡಲಿ ತಿಂಗಳಿಗೆ ಹೋಗುವ ಖರ್ಚು: ಬಾಡಿಗೆ 5,000, ಒಬ್ಬರ ಸಂಬಳ 10,000, ಮಷಿನ್ ಸಾಲದ ಕಂತು 3,000. ಒಟ್ಟು 18,000. (ಕಂತಿನಲ್ಲಿರುವ ಅಸಲು ಪುಸ್ತಕದ ಪ್ರಕಾರ ಖರ್ಚಲ್ಲ, ಆದರೆ ಜೇಬಿನಿಂದ ಹೋಗುವುದಂತೂ ನಿಜ.) ರೊಟ್ಟಿ ಒಂದಕ್ಕೆ ಹಿಟ್ಟು, ಗ್ಯಾಸು, ಪ್ಯಾಕಿಂಗು, ಬಡಿಯುವವರ ಕೂಲಿ ಸೇರಿ 4 ರೂಪಾಯಿ. ಮಾರುವುದು 6 ರೂಪಾಯಿಗೆ. ಅಂದರೆ ಒಂದು ರೊಟ್ಟಿಗೆ 2 ರೂಪಾಯಿ ಉಳಿತು. 18,000 ಸರಿದೂಗಲು ತಿಂಗಳಿಗೆ 9,000 ರೊಟ್ಟಿ, ದಿನಕ್ಕೆ 300.

ಇಲ್ಲಿಯವರೆಗೆ ಕ್ಲಾಸಿನಲ್ಲೂ ಹೇಳಿರುತ್ತಾರೆ. ಈಗ ಮೆಸ್‌ನವರು ಬಂದು "ಐವತ್ತು ಪೈಸೆ ಕಡಿಮೆ ಮಾಡಿಕೊಳ್ಳಿ, ದಿನಾ ತಗೋತೀವಿ" ಅನ್ನುತ್ತಾರೆ. ಐವತ್ತು ಪೈಸೆ ಏನು ಮಹಾ ಅನ್ನಿಸುತ್ತದೆ. ಆದರೆ ಉಳಿಯುವುದು 2ರಿಂದ ಒಂದೂವರೆಗೆ ಇಳಿಯಿತು, ಈಗ ಬೇಕಾದದ್ದು 12,000 ರೊಟ್ಟಿ. ಬೆಲೆ ಇಳಿದದ್ದು ನೂರಕ್ಕೆ ಎಂಟು, ದುಡಿಮೆ ಏರಿದ್ದು ಮೂರನೇ ಒಂದು ಭಾಗ. ಜೋಳದ ದರ ಏರಿದರೂ ಇದೇ ಗತಿ. ಇನ್ನೂ ಒಂದಿದೆ, ಇದರಲ್ಲಿ ನಿಮ್ಮ ಸಂಬಳ ಹಾಕೇ ಇಲ್ಲ! ನಿಮಗೆ ತಿಂಗಳಿಗೆ 12,000 ಬೇಕು ಅಂದರೆ, ಹಳೇ ಬೆಲೆಯಲ್ಲೇ 15,000 ರೊಟ್ಟಿ ಮಾರಬೇಕು. ಅಷ್ಟು ರೊಟ್ಟಿ ಬಡಿಯಲು ಕೈಗಳಿವೆಯಾ, ಅಷ್ಟು ತಿನ್ನುವವರಿದ್ದಾರಾ? ಬ್ರೇಕ್ ಈವನ್ ಬೇಕಾಗುವುದು ಈ ಪ್ರಶ್ನೆಗೆ, ಪರೀಕ್ಷೆಯ ಐದು ಅಂಕಕ್ಕಲ್ಲ.

ಲೆಕ್ಕದಲ್ಲಿ ಲಾಭ ಇದೆ, ಕೈಯಲ್ಲಿ ದುಡ್ಡೇ ಇಲ್ಲ. ಇದು ಹೆಂಗೆ?

ಉದ್ರಿ. ಹಿಂದಿನ ಪ್ರಶ್ನೆಯ ಲೆಕ್ಕದಲ್ಲಿ ಬಂದ ರೊಟ್ಟಿಯವರು ಒಂದು ಹಾಸ್ಟೆಲಿಗೆ ದಿನಾ 300 ಕೊಟ್ಟು, ಹಾಸ್ಟೆಲ್‌ನವರು 45 ದಿನ ಬಿಟ್ಟು ದುಡ್ಡು ಕೊಡುತ್ತಾರೆ ಅಂದುಕೊಳ್ಳಿ. ಬರೀ ಹಿಟ್ಟು, ಕೂಲಿಯ ಲೆಕ್ಕದಲ್ಲೇ ದಿನಕ್ಕೆ 1,200 ರೂಪಾಯಿ, 45 ದಿನಕ್ಕೆ 54,000 ನಿಮ್ಮ ದುಡ್ಡು ಅವರ ಹತ್ತಿರ. ಆರ್ಡರ್ ದುಪ್ಪಟ್ಟಾದರೆ ಖುಷಿ ಪಡುವ ಮೊದಲು ಇನ್ನೊಂದು 54,000 ಹೊಂದಿಸಬೇಕು. ವ್ಯಾಪಾರ ಚೆನ್ನಾಗಿ ನಡೆಯುತ್ತಿದ್ದಾಗಲೇ ಬಾಗಿಲು ಹಾಕುವ ಘಟಕಗಳ ಕಥೆ ಬಹುಮಟ್ಟಿಗೆ ಇದೇ.

ಕಾನೂನು ನಿಮ್ಮ ಕಡೆ ಸ್ವಲ್ಪ ಇದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಇರುವ ಅತಿ ಸಣ್ಣ ಮತ್ತು ಸಣ್ಣ ತಯಾರಕರಿಗೆ, ಸೇವೆ ಕೊಡುವವರಿಗೆ ಖರೀದಿದಾರರು ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಚಕ್ರಬಡ್ಡಿ. ಕೊಡದಿದ್ದರೆ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ದೂರು ಕೊಟ್ಟ ಮೇಲೆ ಆ ಗಿರಾಕಿ ಮತ್ತೆ ಬರುತ್ತಾನಾ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೇ ಶುರುವಿನಲ್ಲೇ ಉದ್ರಿಗೆ ಒಂದು ಮಿತಿ ಇಟ್ಟುಕೊಳ್ಳಿ.

ಜಿಎಸ್‌ಟಿ, ಕಂಪನಿ ರಿಜಿಸ್ಟ್ರೇಷನ್ ಎಲ್ಲ ಮಾಡ್ಕೊಂಡೇ ಶುರು ಮಾಡ್ಬೇಕಾ?

ಮೊದಲ ದಿನವೇ ಪ್ರೈವೇಟ್ ಲಿಮಿಟೆಡ್ ಮಾಡಿಸಿ ವಿಸಿಟಿಂಗ್ ಕಾರ್ಡ್ ಹಂಚುವ ಹುಡುಗರನ್ನು ನೋಡಿದ್ದೇನೆ. ಗಿರಾಕಿ ಇನ್ನೂ ಬಂದಿರುವುದಿಲ್ಲ, ಆಡಿಟರ್ ಬಿಲ್ ಬಂದಿರುತ್ತದೆ. ಒಬ್ಬರೇ ಇದ್ದರೆ ಏಕವ್ಯಕ್ತಿ ಮಾಲೀಕತ್ವ ಸಾಕು. ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ, ಅದಕ್ಕೆ ಯಾರಿಗೂ ಕಮಿಷನ್ ಕೊಡಬೇಡಿ. ತಿಂಡಿ ತಿನಿಸು ಆದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕೇ ಬೇಕು.

ಜಿಎಸ್‌ಟಿ ನೋಂದಣಿ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆಗೆ 20 ಲಕ್ಷ ದಾಟಿದಾಗ. ಗಮನಿಸಿ, ವಹಿವಾಟು, ಲಾಭ ಅಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳ ಮುಂದೆ "ಯುಪಿಐ ಇಲ್ಲ, ನಗದು ಮಾತ್ರ" ಅನ್ನುವ ಬೋರ್ಡ್‌ಗಳು ನೇತಾಡಿದ್ದು ನೆನಪಿದೆಯಲ್ಲ? ಅವರಲ್ಲಿ ಎಷ್ಟೋ ಜನರಿಗೆ ಈ ವ್ಯತ್ಯಾಸ ಯಾರೂ ಹೇಳಿರಲಿಲ್ಲ. ಸರಕಿನ ವ್ಯಾಪಾರಿಗಳಿಗೆ ಒಂದೂವರೆ ಕೋಟಿವರೆಗೆ ಕಾಂಪೊಸಿಷನ್ ಪದ್ಧತಿ ಇದೆ, ವಹಿವಾಟಿನ ಮೇಲೆ ಒಂದು ಪರ್ಸೆಂಟ್ ಕಟ್ಟಿದರೆ ಆಯಿತು. ಮನೆ ವ್ಯವಹಾರಕ್ಕೂ ಅಂಗಡಿಗೂ ಮೊದಲ ದಿನದಿಂದಲೇ ಬೇರೆ ಬೇರೆ ಬ್ಯಾಂಕ್ ಖಾತೆ ಇಡಿ. ತೆರಿಗೆಯ ಅರ್ಧ ತಲೆನೋವು ಅಲ್ಲೇ ಹೋಗುತ್ತದೆ.

ನಾವು ಮೂರು ಜನ ಫ್ರೆಂಡ್ಸ್. ಸಮ ಪಾಲು ಅಂತ ಮಾತಾಡ್ಕೊಂಡಿದೀವಿ. ಬರೆದಿಡೋದು ಬೇಕಾ? ಬೇಜಾರಾಗುತ್ತೆ.

ಈಗ ಬೇಜಾರಾಗುವುದೇ ಒಳ್ಳೆಯದು. 1932ರ ಪಾಲುದಾರಿಕೆ ಕಾಯ್ದೆ ಏನು ಹೇಳುತ್ತದೆ ಗೊತ್ತಾ? ಒಪ್ಪಂದದಲ್ಲಿ ಏನೂ ಹೇಳಿಲ್ಲದಿದ್ದರೆ ಲಾಭ ನಷ್ಟ ಎಲ್ಲರಿಗೂ ಸಮ. ಒಬ್ಬ ಐದು ಲಕ್ಷ ಹಾಕಿ ಇನ್ನೊಬ್ಬ ಏನೂ ಹಾಕದಿದ್ದರೂ ಸಮ. ದುಡಿದದ್ದಕ್ಕೆ ಬೇರೆ ಸಂಬಳವೂ ಇಲ್ಲ. ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬರ ಸ್ವಂತ ಆಸ್ತಿಯೂ ಹೊಣೆ, ಅಂದರೆ ಗೆಳೆಯ ಮಾಡಿದ ಸಾಲಕ್ಕೆ ನಿಮ್ಮ ಮನೆಗೆ ಬರಬಹುದು. ಈ ಹೊಣೆಯನ್ನು ಮಿತಿಯಲ್ಲಿ ಇಡಲು 2008ರ ಕಾಯ್ದೆಯಡಿ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ, ಮಾಡಿಸಬಹುದು.

ಬರೆಯಬೇಕಾದದ್ದು: ಯಾರು ಎಷ್ಟು ದುಡ್ಡು, ಯಾರು ಎಷ್ಟು ಸಮಯ, ಒಬ್ಬರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಟರೆ ಅವರ ಪಾಲು ಏನಾಗುತ್ತದೆ. ಈ ಕೊನೆಯದು ನೂರಕ್ಕೆ ನೂರು ಆಗುವ ಸಂಗತಿ, ಅದರಲ್ಲೂ ಫೈನಲ್ ಇಯರ್‌ನಲ್ಲಿ ಶುರುವಾದ ಉದ್ಯಮಗಳಲ್ಲಿ. ಪಾಲು ಒಂದೇ ದಿನ ಕೊಡದೆ ನಾಲ್ಕು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರುವ ಹಾಗೆ ಬರೆದುಕೊಂಡರೆ ಜಗಳ ಕಡಿಮೆ.

ದುಡ್ಡು ಎಲ್ಲಿಂದ ತರೋದು? ಸರ್ಕಾರದ ಸಬ್ಸಿಡಿ ಸಿಗುತ್ತಂತೆ.

ಸಿಗುತ್ತದೆ, ಆದರೆ ನೀವು ಅಂದುಕೊಂಡ ಹಾಗೆ ಮೊದಲೇ ಕೈಗೆ ಬರುವುದಿಲ್ಲ. ಕೇಂದ್ರ ಸರ್ಕಾರದ ಉದ್ಯೋಗ ಸೃಷ್ಟಿ ಯೋಜನೆ ಪಿಎಂಇಜಿಪಿಯಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನೆಗೆ ಬ್ಯಾಂಕ್ ಸಾಲ. ಸಾಮಾನ್ಯ ವರ್ಗದವರು 10 ಪರ್ಸೆಂಟ್ ಸ್ವಂತ ದುಡ್ಡು ಹಾಕಬೇಕು, ಸಬ್ಸಿಡಿ ನಗರದಲ್ಲಿ 15, ಹಳ್ಳಿಯಲ್ಲಿ 25 ಪರ್ಸೆಂಟ್. ಮಹಿಳೆಯರು, ಎಸ್‌ಸಿ, ಎಸ್‌ಟಿ, ಒಬಿಸಿ ಮುಂತಾದವರಿಗೆ ಸ್ವಂತ ಪಾಲು 5, ಸಬ್ಸಿಡಿ 25 ಮತ್ತು 35. ಆ ಸಬ್ಸಿಡಿ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿ ಆಗಿ ಕೂತಿರುತ್ತದೆ, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಹೊಂದಿಕೆ. ಹೊಸ ಘಟಕಕ್ಕೆ ಮಾತ್ರ ಇದು.

ಸಣ್ಣದಾಗಿ ಶುರು ಮಾಡುವವರಿಗೆ ಮುದ್ರಾ ಸಾಲ. ಶಿಶು 50,000ದವರೆಗೆ, ಕಿಶೋರ 5 ಲಕ್ಷ, ತರುಣ 10 ಲಕ್ಷ. ತರುಣ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೂ ಇದೆ. ಅಡಮಾನ ಬೇಡ ಅನ್ನುತ್ತದೆ ನಿಯಮ, ಮ್ಯಾನೇಜರ್ ಮಾತ್ರ ನಿಮ್ಮ ಸಿಬಿಲ್ (ಹಳೇ ಸಾಲ ಹೇಗೆ ತೀರಿಸಿದ್ದೀರಿ ಅನ್ನುವ ಸ್ಕೋರ್) ನೋಡದೆ ಬಿಡುವುದಿಲ್ಲ. ಮೊಬೈಲ್ ಇಎಂಐ ತಪ್ಪಿಸಿ ಸ್ಕೋರ್ ಕೆಡಿಸಿಕೊಂಡು ಬರಬೇಡಿ.

ತರಬೇತಿಗೆ ರುಡ್‌ಸೆಟ್ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ ಕ್ಷೇತ್ರ ಮತ್ತು ಎರಡು ಬ್ಯಾಂಕುಗಳು ಸೇರಿ ಶುರು ಮಾಡಿದ್ದು. ಅದೇ ಮಾದರಿಯಲ್ಲಿ ದೇಶದ ಜಿಲ್ಲೆ ಜಿಲ್ಲೆಯಲ್ಲಿ ಆರ್‌ಸೆಟಿಗಳು ಬಂದವು. ಊಟ, ವಸತಿ, ತರಬೇತಿ ಎಲ್ಲ ಉಚಿತ, ಬ್ಯಾಂಕ್ ಸಾಲಕ್ಕೂ ದಾರಿ ತೋರಿಸುತ್ತಾರೆ. ಎಂಬಿಎ ಮಾಡಿದವರು ಅಲ್ಲಿಗೆ ಹೋಗಲು ನಾಚಿಕೊಳ್ಳುತ್ತಾರೆ, ಯಾಕೋ ಗೊತ್ತಿಲ್ಲ. ಧಾರವಾಡದಲ್ಲಿ ಉದ್ಯಮಶೀಲತೆಯ ತರಬೇತಿ ಕೊಡುವ ಸಿಡಾಕ್ ಇದೆ. ತಂತ್ರಜ್ಞಾನ ಆಧಾರಿತ ಸ್ಟಾರ್ಟಪ್‌ಗೆ ರಾಜ್ಯ ಸರ್ಕಾರದ ಎಲಿವೇಟ್‌ನಲ್ಲಿ 50 ಲಕ್ಷದವರೆಗೆ ಅನುದಾನ ಇದೆ, ಅದು ಸಾಲ ಅಲ್ಲ. ಹೊಸ ಉದ್ಯಮಗಳಿಗೆ ನೆರವಾಗುವ ಐಐಎಂ ಬೆಂಗಳೂರಿನ ಕೇಂದ್ರ ಎನ್‌ಎಸ್‌ಆರ್‌ಸಿಇಎಲ್‌ಗೆ ಅರ್ಜಿ ಹಾಕಲು ಅಲ್ಲಿಯ ವಿದ್ಯಾರ್ಥಿ ಆಗಿರಬೇಕಿಲ್ಲ.

## ಸ್ವಲ್ಪ ಮುಂದೆ ಹೋದವರಿಗೆ

ಒಬ್ಬರು 20 ಲಕ್ಷ ಹಾಕ್ತೀನಿ, 10 ಪರ್ಸೆಂಟ್ ಕೊಡಿ ಅಂತಿದ್ದಾರೆ. ಕೊಡ್ಲಾ?

ಅಂದರೆ ಅವರು ದುಡ್ಡು ಹಾಕಿದ ಮೇಲೆ ನಿಮ್ಮ ಕಂಪನಿಯ ಬೆಲೆ 2 ಕೋಟಿ ಅಂತ ಲೆಕ್ಕ. ನಿಮ್ಮ ಹತ್ತಿರ 90 ಉಳಿಯಿತು. ಮುಂದಿನ ಸಲ ಇನ್ನೊಬ್ಬರಿಗೆ 20 ಪರ್ಸೆಂಟ್ ಕೊಟ್ಟರೆ ನಿಮ್ಮದು 72. ಹೀಗೇ ಇಳಿಯುತ್ತದೆ. ಹೊರಗಿನ ದುಡ್ಡು ಬಂದರೆ ಓಡುವ ವೇಗವನ್ನೂ ಅವರೇ ಹೇಳುತ್ತಾರೆ. ಬೆಂಗಳೂರಿನಲ್ಲೇ ಎರಡು ಉದಾಹರಣೆ ಇವೆ. 2007ರಲ್ಲಿ ಶುರುವಾದ ಫ್ಲಿಪ್‌ಕಾರ್ಟ್ ಹೂಡಿಕೆದಾರರ ದುಡ್ಡಿನಲ್ಲೇ ಬೆಳೆದು, 2018ರಲ್ಲಿ ವಾಲ್‌ಮಾರ್ಟ್ ಸುಮಾರು 16 ಬಿಲಿಯನ್ ಡಾಲರ್‌ಗೆ 77 ಪರ್ಸೆಂಟ್ ಪಾಲು ತಗೊಂಡಿತು. 2010ರಲ್ಲಿ ಶುರುವಾದ ಶೇರು ದಲ್ಲಾಳಿ ಕಂಪನಿ ಜೆರೋಧಾ ಹೊರಗಿನ ಹೂಡಿಕೆ ತಗೊಳ್ಳದೆ ಬೆಳೆಯಿತು. ಗೋದಾಮು, ಸಾಗಣೆಗೆ ಮೊದಲೇ ಕೋಟಿಗಟ್ಟಲೆ ಸುರಿಯಬೇಕಾದ ವ್ಯಾಪಾರಕ್ಕೂ, ಬಂದ ಕಮಿಷನ್‌ನಲ್ಲೇ ನಡೆಯುವ ವ್ಯಾಪಾರಕ್ಕೂ ದಾರಿ ಬೇರೆ. ನಿಮ್ಮದು ಎರಡನೆಯ ಥರದ್ದಾದರೆ ಪಾಲು ಕೊಡುವ ಆತುರ ಬೇಡ.

ಪುಸ್ತಕದಲ್ಲಿ ಬರೀ ಅಮೆರಿಕದ ಕಂಪನಿಗಳೇ. ಸೆಮಿನಾರಿಗೆ ನಮ್ಮ ಕಡೆಯದು ಏನಾದ್ರೂ ಹೇಳಿ.

ಪಿಗ್ಮಿ, ಅಂದರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಠೇವಣಿ, ತಗೊಳ್ಳಿ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಶುರು ಮಾಡಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಏಜೆಂಟರನ್ನು ದಿನಾ ಮನೆ ಬಾಗಿಲಿಗೆ ಕಳಿಸಿ ಎರಡಾಣೆ ಜಮೆ ಮಾಡಿಸಿಕೊಳ್ಳತೊಡಗಿದರು. ದಿನಗೂಲಿಯವರ ಕೈಯಲ್ಲಿ ತಿಂಗಳ ಕೊನೆಗೆ ದುಡ್ಡು ಇರುವುದಿಲ್ಲ, ಸಂಜೆ ಇರುತ್ತದೆ. ಬ್ಯಾಂಕಿಗೆ ಬನ್ನಿ ಅಂದರೆ ಅವರು ಬರುವುದಿಲ್ಲ. ಗಿರಾಕಿಯ ದಿನಚರಿಗೆ ಸರಕನ್ನು ಹೊಂದಿಸಿದ್ದು ಇದು. ವೆಚ್ಚದ ಕಡೆ ನೋಡಿ, ಏಜೆಂಟರಿಗೆ ಸಂಬಳ ಅಲ್ಲ, ತಂದ ದುಡ್ಡಿನ ಮೇಲೆ ಕಮಿಷನ್. ಸೆಮಿನಾರಿನಲ್ಲಿ ಈ ಒಂದರ ಮೇಲೆ ಅರ್ಧ ಗಂಟೆ ಮಾತಾಡಬಹುದು. ಊರಿನ ಸೊಸೈಟಿಗಳಲ್ಲಿ ಪಿಗ್ಮಿ ಇವತ್ತಿಗೂ ಇದೆ, ಪಿಗ್ಮಿ ಸಂಗ್ರಹಿಸುವವರ ಜೊತೆ ಒಂದು ದಿನ ಓಡಾಡಿ ಬನ್ನಿ.

ಕೆಎಂಎಫ್ ಇನ್ನೊಂದು. ಹಾಕಿದ ಹಾಲಿನ ಕೊಬ್ಬು, ಗುಣಮಟ್ಟ ನೋಡಿ ದರ ಕೊಡುವುದು, ದಿನಕ್ಕೆರಡು ಸಲ ಹಳ್ಳಿಯಿಂದ ಹಾಲು ಎತ್ತುವುದು, ಮಾಲೀಕರೇ ಪೂರೈಕೆದಾರರು ಆಗಿರುವುದು. ಖಾಸಗಿ ಕಂಪನಿಯ ಸೂತ್ರಗಳು ಇಲ್ಲಿ ಎಲ್ಲಿ ಹೊಂದುವುದಿಲ್ಲ ಅಂತ ಬರೆಯಿರಿ. ಸಾಲದ ಬಗ್ಗೆ ಬೇಕಾದರೆ ಕೆಫೆ ಕಾಫಿ ಡೇ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ, 2015ರಲ್ಲಿ ಶೇರು ಮಾರುಕಟ್ಟೆಗೆ, ಆಮೇಲೆ ಸಾಲದ ಭಾರ. 2019ರಲ್ಲಿ ಅದನ್ನು ಕಟ್ಟಿದ ಸಿದ್ಧಾರ್ಥ ಅವರು ತೀರಿಹೋದ ಮೇಲೆ ಅವರ ಪತ್ನಿ ಮಾಳವಿಕಾ ಹೆಗ್ಡೆ 2020ರ ಕೊನೆಗೆ ಸಿಇಒ ಆದರು. ಆಸ್ತಿ ಮಾರಿ ಸಾಲ ಇಳಿಸಿದ ಬಗೆಯನ್ನು ಕಂಪನಿಯ ವಾರ್ಷಿಕ ವರದಿಗಳಲ್ಲೇ ಓದಬಹುದು, ಅವು ಎಲ್ಲರಿಗೂ ತೆರೆದಿವೆ. ಪತ್ರಿಕೆ ಸುದ್ದಿ ಬಿಟ್ಟು ಆ ವರದಿಯ ಬ್ಯಾಲೆನ್ಸ್ ಶೀಟ್ ಹಿಡಿದು ಮಾತಾಡಿದರೆ ಸೆಮಿನಾರಿನ ತೂಕವೇ ಬೇರೆ.

ನಮ್ಮ ಅಪ್ಪಾಂದು ದಾವಣಗೆರೆಯಾಗ ಬಟ್ಟೆ ಅಂಗಡಿ ಐತಿ. ಎಂಬಿಎ ಮಾಡಿ ವಾಪಸ್ ಬಂದೀನಿ, ನಾ ಏನ್ ಹೇಳಿದ್ರೂ ಕೇಳಂಗಿಲ್ಲ.

ಮೊದಲ ಆರು ತಿಂಗಳು ಏನೂ ಹೇಳಬೇಡಿ. ಸ್ಟಾಕ್ ಎಣಿಸಿ. ಯಾವ ರ‍್ಯಾಕಿನಲ್ಲಿ ಯಾವ ಮಾಲು ಎಷ್ಟು ತಿಂಗಳಿಂದ ಕೂತಿದೆ ಅಂತ ಬರೀ ಒಂದು ಪಟ್ಟಿ ಮಾಡಿ. ಮೂರು ದೀಪಾವಳಿ ದಾಟಿದ ಸೀರೆಗಳಲ್ಲಿ ಎಷ್ಟು ದುಡ್ಡು ಸಿಕ್ಕಿಬಿದ್ದಿದೆ ಅನ್ನುವುದು ಅಪ್ಪನಿಗೆ ಮನಸ್ಸಿನಲ್ಲಿ ಗೊತ್ತಿರುತ್ತದೆ, ಅಂಕಿಯಲ್ಲಿ ಯಾರೂ ತೋರಿಸಿರುವುದಿಲ್ಲ. ಅದನ್ನು ತೋರಿಸಿ, ಆ ಮಾಲು ಮಾತ್ರ ನನಗೆ ಬಿಡಿ, ಖಾಲಿ ಮಾಡುತ್ತೇನೆ ಅನ್ನಿ. ಅಂಗಡಿಯ ಹೆಸರು ಬದಲಿಸುವುದು, ಹಳೇ ಗುಮಾಸ್ತರನ್ನು ತೆಗೆಯುವುದು, ಆ್ಯಪ್ ಮಾಡಿಸುವುದು ಇವನ್ನೆಲ್ಲ ಆಮೇಲೆ ನೋಡೋಣ. ಗುಮಾಸ್ತರ ವಿಷಯದಲ್ಲಂತೂ ಜಾಸ್ತಿ ಹುಷಾರು, ಯಾವ ಊರಿನ ಯಾವ ಮನೆಯವರು ಮದುವೆ ಜವಳಿಗೆ ನಿಮ್ಮ ಅಂಗಡಿಗೇ ಬರುತ್ತಾರೆ ಅನ್ನುವುದು ಗೊತ್ತಿರುವುದು ಅವರಿಗೆ.